ಬಾಯಿಕಟ್ಟು ಬಿದ್ದ ಮಧ್ಯಾಹ್ನ

ನಮ್ಮೂರಿನವರು ಆಡಬೇಕಾದ ಮಾತನ್ನು ನಾಳೆಗೆ ಇಟ್ಟುಕೊಳ್ಳುವುದಿಲ್ಲ. ಗುಡ್ಡದ ಮೇಲೆ ತೋಳವೂ ಕರಡಿಯೂ ಎದುರುಬದುರಾದ ಕ್ಷಣಕ್ಕೆ ಊರಿನ ಎಲ್ಲರ ಬಾಯಿ ಕಟ್ಟುತ್ತದೆ. ಅವು ಒಂದನ್ನೊಂದು ಬಿಟ್ಟು ತಮ್ಮ ದಾರಿ ಹಿಡಿದ ಮೇಲೆ ಮಾತು ತಿರುಗಿ ಬರುತ್ತದೆ. ಇದಕ್ಕೆ ನಾವು ಬಾಯಿಕಟ್ಟು ಅನ್ನುತ್ತೇವೆ. ಯಾಕೆ ಹೀಗೆ ಎಂದು ಪರಸ್ಥಳದವರು ಕೇಳುತ್ತಾರೆ. ಮಳೆ ಯಾಕೆ ಮೇಲಿನಿಂದ ಕೆಳಗೆ ಬೀಳುತ್ತದೆ ಎಂದು ನಾವು ಅವರನ್ನು ಯಾವತ್ತಾದರೂ ಕೇಳಿದ್ದೇವೆಯೇ?

ಬಾಯಿಕಟ್ಟು ಬಿದ್ದರೆ ಸಂತೆಯಲ್ಲಿ ವ್ಯಾಪಾರ ನಿಲ್ಲುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ನಡೆಯುತ್ತದೆ. ಶಾಲೆಯ ಮಕ್ಕಳು ಮಗ್ಗಿಯಲ್ಲಿ ಏಳೆಂಟ್ಲೆ ಎಂಬಲ್ಲಿಗೆ ನಿಂತಿದ್ದರೆ, ಬಾಯಿ ಬಂದ ಕೂಡಲೇ ಐವತ್ತಾರು ಎಂದು ಮುಂದುವರಿಸುತ್ತಾರೆ. ತೊಟ್ಟಿಲ ಕೂಸಿಗೂ ಅಳು ಹೊರಡುವುದಿಲ್ಲವಾದ್ದರಿಂದ ಬಾಣಂತಿಯರು ಅಷ್ಟು ಹೊತ್ತು ಕಣ್ಣು ಮುಚ್ಚಿಕೊಳ್ಳುತ್ತಾರೆ. ಗಂಡಹೆಂಡಿರ ಜಗಳವಂತೂ ಅರ್ಧಕ್ಕೆ ನಿಂತು, ಮಾತು ತಿರುಗಿ ಬರುವಷ್ಟರಲ್ಲಿ ಯಾತಕ್ಕೆ ಹತ್ತಿತ್ತು ಎಂಬುದೇ ಮರೆತು ಹೋಗಿರುತ್ತದೆ. ನಮ್ಮೂರಿನಲ್ಲಿ ಮುರಿದು ಬಿದ್ದ ಸಂಸಾರಗಳು ಕಡಿಮೆ.

ಒಂದು ಪದ್ಧತಿ ಮಾತ್ರ ತಪ್ಪದು. ಬಾಯಿ ಕಟ್ಟಿತೋ, ಬಲಗೈ ಮೇಲೆತ್ತಬೇಕು. ನಾನು ಮುನಿಸಿಕೊಂಡು ಸುಮ್ಮನಾದದ್ದಲ್ಲ, ನನಗೂ ಬಾಯಿ ಕಟ್ಟಿದೆ ಎಂದು ಎದುರಿನವರಿಗೆ ಹೇಳುವ ಬಗೆ ಅದು. ಅಂಬೆಗಾಲಿಡುವ ಮಗುವಿಗೆ ಉಣ್ಣುವ ಕೈ ಯಾವುದು ಎಂದು ಕಲಿಸುವ ಮೊದಲೇ ಇದನ್ನು ಕಲಿಸುತ್ತೇವೆ. ಹಾಗಾಗಿ ನಿದ್ದೆಗಣ್ಣಿನಲ್ಲಿದ್ದರೂ ನಮ್ಮ ಕೈ ತಾನಾಗಿ ಮೇಲೆ ಹೋಗುತ್ತದೆ.

ನಾನು ಗಾಳೆವ್ವ, ಗುಡ್ಡ ಕಾಯುವ ಮನೆಯ ಸೊಸೆ. ಕಾಯುವುದು ಎಂದರೆ ಬೆಳಿಗ್ಗೆ, ಸಂಜೆ ಗುಡ್ಡದ ನೆತ್ತಿಯ ಬಂಡೆ ಮೇಲೆ ಕೂತು ತೋಳಗಳು ಎತ್ತ ಹೊರಟಿವೆ, ಕರಡಿ ಎತ್ತ ಹೊರಟಿದೆ ಎಂದು ನೋಡುವುದು. ದಾರಿ ಕೂಡುವಂತೆ ಕಂಡರೆ ಕೆಂಪು ಬಟ್ಟೆ ಏರಿಸುವುದು. ಬಟ್ಟೆ ಕಂಡೊಡನೆ ಕೆಳಗೆ ಜನ ಗಡಿಬಿಡಿಯಲ್ಲಿ ಮಾತು ಮುಗಿಸಿಕೊಳ್ಳುತ್ತಾರೆ. ನನ್ನ ಮಾವ ಜಂಬಯ್ಯ ನಲವತ್ತು ವರ್ಷ ಈ ಕೆಲಸ ಮಾಡಿದವರು. ಅವರ ಮೊಣಕಾಲು ಕೈಕೊಟ್ಟಾಗ ಮಗನ ಸರದಿ ಬಂತು. ಮಗ, ಅಂದರೆ ನನ್ನ ಗಂಡ, ಹಿಟ್ಟಿನ ಗಿರಣಿ ನಡೆಸುತ್ತಾನೆ. ಹೆಸರು ಹೇಳಲಾರೆ, ಗಿರಣಿಯವ ಎಂದರೆ ಸಾಕು. ಅವನಿಗೆ ಗಿರಣಿಯ ಪಟ್ಟಿ ಹರಿದು ಮುಖಕ್ಕೆ ಬಡಿದರೂ ಹೆದರಿಕೆಯಿಲ್ಲ, ಗುಡ್ಡದಲ್ಲಿ ಒಣ ಎಲೆ ಅಲುಗಿದರೆ ಜೀವ ಬಾಯಿಗೆ ಬರುತ್ತದೆ. ಅದಕ್ಕೆ ನಾನೇ ಸೆರಗು ಬಿಗಿದು ಹೊರಟೆ.

"ಹೆಣ್ಮಕ್ಕಳ ಕಾಲಗೆಜ್ಜಿ ಸಪ್ಪಳ ಕೇಳಿದ್ರ ಕರಡಿ ಗವಿ ಬಿಟ್ಟು ಹೊರಗ ಬರಂಗಿಲ್ಲ" ಎಂದು ಮಾವ ಅಡ್ಡಗಾಲು ಹಾಕಿದರು.

"ಗೆಜ್ಜಿ ಬಿಚ್ಚಿಡ್ತೀನಿ ಮಾವ, ಕಾಲು ಬಿಚ್ಚಿಡಾಕ ಬರಂಗಿಲ್ಲ" ಎಂದೆ.

ಮಾವ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಮೂರನೆಯ ದಿನ ಊಟಕ್ಕೆ ಕೂತಾಗ ತಾವಾಗಿಯೇ ಶುರು ಮಾಡಿದರು. ಗಾಳಿ ಎತ್ತ ಬೀಸಿದರೆ ಎತ್ತ ಕೂರಬೇಕು, ಕರಡಿಗೆ ಕಣ್ಣು ಮಂದ, ಮೂಗು ಚುರುಕು, ಹಠಾತ್ತನೆ ಎದುರಾದದ್ದರ ಮೇಲೆ ಅದು ಬೀಳುತ್ತದೆ, ತೋಳ ಹಾಗಲ್ಲ, ಹೆಜ್ಜೆ ಇಡುವ ಮೊದಲೇ ಲಾಭ ನಷ್ಟ ತೂಗುತ್ತದೆ ಎಂದೆಲ್ಲ ಹೇಳಿಕೊಟ್ಟರು. ಎಲ್ಲಕ್ಕೂ ಕೊನೆಗೆ ಒಂದು ಮಾತು ಹೇಳಿದರು.

"ನಾವು ನೋಡಾವ್ರು ಗಾಳೆವ್ವ, ನಡುವ ಹೋಗಾವ್ರಲ್ಲ. ತ್ವಾಳದ ಜಗಳ ತ್ವಾಳಕ್ಕ, ಕರಡಿ ಜಗಳ ಕರಡಿಗೆ. ನಾವು ಕೈ ಹಾಕಿದ್ವಿ ಅಂದ್ರ ಅದು ನಮ್ಮ ಜಗಳ ಆಕ್ಕೈತಿ."

ತೋಳ ಕರಡಿ ಎದುರಾದರೆ ರಕ್ತ ಹರಿಯುತ್ತದೆ ಎಂದು ಕೆಳಗಿನವರು ನಂಬಿದ್ದಾರೆ. ಏಳು ವರ್ಷದಲ್ಲಿ ನಾನು ಇನ್ನೂರಕ್ಕೂ ಹೆಚ್ಚು ಭೇಟಿ ನೋಡಿದ್ದೇನೆ, ಒಂದು ಹೆಣವನ್ನೂ ನೋಡಿಲ್ಲ. ಕರಡಿ ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ, ಕುಲುಮೆಯ ತಿದಿಯಂತೆ ಬುಸುಗುಟ್ಟುತ್ತದೆ. ತೋಳಗಳು ದೂರ ದೂರ ನಿಂತು ಸುತ್ತು ಹಾಕುತ್ತವೆ. ಒಂದು ಮುಂದಿನಿಂದ ಕೆಣಕಿದರೆ ಇನ್ನೊಂದು ಹಿಂದಿನಿಂದ ಬಂದು ತೊಡೆಗೆ ಬಾಯಿ ಹಾಕಿ ಓಡುತ್ತದೆ. ಕರಡಿ ನಾಲ್ಕು ಹೆಜ್ಜೆ ನುಗ್ಗಿ ಬಂದರೆ ಅವು ಎಂಟು ಹೆಜ್ಜೆ ಹಿಂದೆ. ಆಮೇಲೆ ಯಾರೋ ಒಬ್ಬರಿಗೆ ಸಾಕೆನಿಸುತ್ತದೆ. ಸೋತವರು ಓಡುವುದಿಲ್ಲ, ಏನೋ ಮರೆತು ಬಂದವರ ಹಾಗೆ ನಡೆದುಕೊಂಡು ಹೋಗುತ್ತಾರೆ. ಇಷ್ಟೆಲ್ಲ ಒಂದು ಅನ್ನ ಬೇಯುವ ಹೊತ್ತಿನಲ್ಲಿ ಮುಗಿಯುತ್ತದೆ. ನೋಡಿದಷ್ಟೂ ನನಗೆ ಅವುಗಳ ಮೇಲೆ ಪ್ರೀತಿ ಹೆಚ್ಚಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಹೀಗಿರುವಾಗ ವಿರುಪಣ್ಣ ಬಂದ. ದೂರದ ದೊಡ್ಡೂರಿನ ಗುತ್ತಿಗೆದಾರ. ಬಿಳಿ ಜೀಪು, ಬಾಯಿ ತುಂಬ ನಗು. ನಮ್ಮ ಗುಡ್ಡದ ಕಲ್ಲಿಗೆ ಕನ್ನಡಿ ಹಾಗೆ ಹೊಳಪು ಬರುತ್ತದಂತೆ, ಕ್ವಾರಿ ಮಾಡಿ ಅಡಿಯಿಂದ ನೆತ್ತಿಯವರೆಗೆ ಕೊಯ್ದು ಲಾರಿಗೆ ತುಂಬುತ್ತಾನಂತೆ. ಒಂದು ತಿಂಗಳು ಊರಲ್ಲೇ ಬಿಡಾರ ಹೂಡಿ ಮನೆಮನೆಗೂ ಹೋದ.

"ಗುಡ್ಡ ಹೋದ್ರ ನಿಮ್ಮ ಬಾಯಿಕಟ್ಟೂ ಹೋಗತೈತಿ. ದಿನದ ಇಪ್ಪತ್ನಾಕು ತಾಸೂ ಮಾತಾಡ್ರಿ, ಯಾರು ಬ್ಯಾಡ ಅಂತಾರ?" ಎಂದು ಹೇಳುತ್ತಿದ್ದ.

ಕೆಲವರಿಗೆ ಅದು ರುಚಿಸಿತು. ನನ್ನ ಗಂಡ ಕೂಡ "ತಪ್ಪೇನೈತಿ?" ಎಂದ. "ಗುಡ್ಡ ಹೋದ್ರ ಅವು ಎಲ್ಲಿಗೆ ಹೋಗ್ಬೇಕು? ನಿನ್ನ ಗಿರಣ್ಯಾಗ ಇಟ್ಕೋತೀಯೇನು?" ಎಂದೆ. ಅವನು ಕಲಸಿದ ಅನ್ನ ಉಂಡು ಕೈ ತೊಳೆದ. ಆಮೇಲೆ, "ಗುಡ್ಡಿಲ್ಲಂದ್ರ ಊರು ಬೋಳು ಕಾಣತೈತಿ ಬಿಡು" ಎಂದ. ಹೀಗೆ ಒಂದೊಂದೇ ಮನೆ ಇತ್ತ ವಾಲಿ, ಮೂರು ಮನೆ ಬಿಟ್ಟು ಊರಿಗೆ ಊರೇ ಬೇಡ ಎಂದು ತೀರ್ಮಾನಿಸಿತು. ಊರಿನ ಪರವಾಗಿ ಮೊದಲು ಮಾತಾಡಲು ಬಳೆಗಾರ್ತಿ ಮಾಬವ್ವನನ್ನು ಆರಿಸಿದೆವು. ಬಾಯಿ ಬೊಂಬಾಯಿ ಎನ್ನುತ್ತಾರಲ್ಲ, ಅವಳದು ಅದಕ್ಕಿಂತ ದೊಡ್ಡದು.

ಇಷ್ಟೆಲ್ಲ ಆದರೂ ವಿರುಪಣ್ಣನ ನಗು ಕುಂದಲಿಲ್ಲ. ಅವನು ಮಾಬವ್ವನ ಅಂಗಡಿ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗ ಎರಡು ಸಲ ಬಾಯಿಕಟ್ಟು ಬಿದ್ದದ್ದನ್ನು ನೋಡಿದ್ದ. ಅವನು ಪರಸ್ಥಳದವ, ಅವನ ಬಾಯಿ ಕಟ್ಟುವುದಿಲ್ಲ. ಬೀದಿಯಲ್ಲಿ ಎಲ್ಲರ ಕೈ ಮೇಲೆ ಹೋದದ್ದು ಕಂಡು ತೊಡೆ ತಟ್ಟಿಕೊಂಡು ನಕ್ಕ. ತೋಳಕ್ಕೆ ಏನು ಇಷ್ಟ, ಕರಡಿಗೆ ಏನು ಇಷ್ಟ ಎಂದು ನನ್ನನ್ನೇ ಕೇಳಿದ್ದ. ಕೇಳುವವರು ಸಿಕ್ಕರೆಂಬ ಖುಷಿಗೆ ನಾನು ಹೆಡ್ಡಿ ಎಲ್ಲವನ್ನೂ ಹೇಳಿದ್ದೆ.

ಅಹವಾಲು ಸಭೆಗೆ ದೊಡ್ಡೂರಿನಿಂದ ಸಾಹೇಬರು ಬರುವ ದಿನ ಗೊತ್ತಾಯಿತು. ಹೊತ್ತನ್ನು ನಾವೇ ಆರಿಸಿ, ಮಟಮಟ ಮಧ್ಯಾಹ್ನ ಹನ್ನೆರಡು ಗಂಟೆ ಎಂದು ಹೇಳಿ ಕಳಿಸಿದೆವು. ಆ ಹೊತ್ತಿಗೆ ತೋಳ ಪೊದೆಯಲ್ಲಿ ಮಲಗಿರುತ್ತದೆ, ಕರಡಿ ಗವಿಯಲ್ಲಿರುತ್ತದೆ. ನಲವತ್ತೇಳು ವರ್ಷದಲ್ಲಿ ಮಾವನಾಗಲಿ ನಾನಾಗಲಿ ಮಧ್ಯಾಹ್ನದ ಬಾಯಿಕಟ್ಟು ಕಂಡಿದ್ದಿಲ್ಲ. ಬಾರದವರು ಒಪ್ಪಿದಂತೆ ಲೆಕ್ಕ ಎಂದು ನೋಟೀಸಿನಲ್ಲಿತ್ತು. ಹಾಗಾಗಿ ಗುಡ್ಡ ಬಿಟ್ಟು ನಾನೂ ಶಾಲೆಯ ಬಯಲಿಗೆ ಬಂದು ಕೂತೆ.

ಸಾಹೇಬರು ಕೆಟ್ಟವರಲ್ಲ. ಕನ್ನಡಕ, ಕೈಯಲ್ಲಿ ದಪ್ಪ ಪುಸ್ತಕ, ನಿಯಮ ಬಿಟ್ಟು ಅತ್ತಿತ್ತ ಕದಲದ ಮನುಷ್ಯ. ಎದ್ದು ನಿಂತು ನಿಧಾನವಾಗಿ ಹೇಳಿದರು.

"ಆಕ್ಷೇಪ ಇರೋರು ಎದ್ದು ಬಾಯಿಬಿಟ್ಟು ಹೇಳ್ಬೇಕು. ಬರೆದು ಕೊಡೋ ಅವಧಿ ಹೋದ ತಿಂಗಳೇ ಮುಗಿದಿದೆ. ಸಮ್ಮತಿ ಇರೋರು ಕೈ ಎತ್ತಿದ್ರೆ ಸಾಕು. ಇವತ್ತು ನಾನು ಬರೆದು ಓದಿ ಹೇಳಿ ಸಹಿ ಮಾಡಿದ ಮೇಲೆ ಮತ್ತೆ ಮಾತಿಲ್ಲ. ಆಕ್ಷೇಪ ಯಾರದಿದೆ?"

ಮಾಬವ್ವ ಎದ್ದಳು. ಸೆರಗು ಸರಿ ಮಾಡಿಕೊಂಡಳು. ಬಾಯಿ ತೆರೆದಳು.

ಏನೂ ಬರಲಿಲ್ಲ. ನನ್ನ ಗಂಟಲಲ್ಲೂ ಆ ಪರಿಚಿತ ಬಿಗಿತ ಬಂದು ಕೂತಿತು. ನೋಡನೋಡುತ್ತಿದ್ದಂತೆ ಬಯಲಿನಲ್ಲಿ ಕೂತಿದ್ದ ನಾಲ್ಕು ನೂರು ಜನರ ಬಲಗೈ ಒಂದೇ ಬಾರಿಗೆ ಮೇಲೆ ಹೋಯಿತು. ಮಾವನದು, ನನ್ನ ಗಂಡನದು, ಮಾಬವ್ವನದು, ಅಯ್ಯೋ ಶಿವನೇ, ನನ್ನದೂ.

"ನೋಡ್ರಿ ಸಾಹೇಬ್ರ" ಎಂದ ವಿರುಪಣ್ಣ, "ಕೇಳೂಕಿಂತ ಮೊದಲ ಎತ್ತ್ಯಾರ. ಎಂಥಾ ಜನ ನೋಡ್ರಿ, ಬಂಗಾರದಂಥಾವ್ರು."

ತಪ್ಪಾಯಿತೆಂದು ತಿಳಿದು ಎಲ್ಲರೂ ಕೈ ಇಳಿಸಿದರು, ತಲೆ ಅಲ್ಲಾಡಿಸಿದರು, ಎರಡೂ ಕೈ ಬೀಸಿದರು. ಟೀಚರು ಓಡಿ ಹೋಗಿ ಕಪ್ಪುಹಲಗೆಯ ಮೇಲೆ ಬೇಡ ಎಂದು ದೊಡ್ಡದಾಗಿ ಬರೆದು ತಂದರು. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು.

"ಒಮ್ಮೆ ಎತ್ತಿ ಒಮ್ಮೆ ಇಳಿಸಿದ್ರೆ ನಾನು ಯಾವುದನ್ನ ಬರೀಲಿ? ಬರವಣಿಗೆ ತಗೊಳ್ಳೋ ಹಾಗಿಲ್ಲ ಅಂದೆನಲ್ಲ. ಬೇಡ ಅಂದ್ರೆ ಬಾಯಲ್ಲಿ ಹೇಳ್ರಪ್ಪ. ಒಂದೇ ಒಂದು ಮಾತು."

ಯಾರೂ ಹೇಳಲಿಲ್ಲ. "ಮೌನಂ ಸಮ್ಮತಿ ಲಕ್ಷಣಂ" ಎಂದು ಅವರು ಬೇಸರದಿಂದಲೇ ಪೆನ್ನಿನ ಟೋಪಿ ತೆಗೆದರು. ಸರಕಾರಿ ಕಾಗದವೆಂದರೆ ಮೂರು ಪ್ರತಿ. ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾವ ಹಳ್ಳ ಎಂದು ಗುಡ್ಡದ ಚಕ್ಕುಬಂದಿಯನ್ನೆಲ್ಲ ಕೈಯಲ್ಲಿ ಬರೆಯಬೇಕು, ಓದಿ ಹೇಳಬೇಕು, ಆಮೇಲೆ ಸಹಿ. ಹೆಚ್ಚೆಂದರೆ ಒಂದು ತಾಸು. ಅಷ್ಟರೊಳಗೆ ಮಾತು ಬರದಿದ್ದರೆ ಗುಡ್ಡ ಹೋಯಿತು.

ವಿರುಪಣ್ಣ ಗಡಿಯಾರ ನೋಡಿಕೊಂಡು ಮುಗುಳ್ನಕ್ಕ. ಆಗ ನನ್ನ ತಲೆಗೆ ಹೊಳೆಯಿತು, ಎಲಾ ಕಳ್ಳ! ಮಧ್ಯಾಹ್ನದಲ್ಲಿ ತಾವಾಗಿ ಅವು ಎದುರಾಗುವುದಿಲ್ಲ. ಇವನು ಎದುರಾಗಿಸಿದ್ದಾನೆ. ಏನಿಟ್ಟರೆ ಬರುತ್ತವೆ ಎಂದು ಅವನಿಗೆ ಹೇಳಿಕೊಟ್ಟವಳು ನಾನೇ.

ಮಾವನ ಕಡೆ ನೋಡಿದೆ. ಅವರಿಗೂ ಅರ್ಥವಾಗಿತ್ತು. ನೋಡುವವರು ನಡುವೆ ಹೋಗಬಾರದು ಎಂದು ಏಳು ವರ್ಷ ನನ್ನ ಕಿವಿ ತೂತು ಮಾಡಿದ ಮನುಷ್ಯ, ತಮ್ಮ ಮೊಣಕಾಲಿನ ಮೇಲೊಂದು ಗುದ್ದು ಗುದ್ದಿಕೊಂಡರು. ಆಮೇಲೆ ಎರಡು ಬೆರಳು ಜೋಡಿಸಿ, ನನ್ನ ಕಣ್ಣೆದುರಿಗೆ ನಿಧಾನವಾಗಿ ಅವನ್ನು ಅಗಲಿಸಿ ತೋರಿಸಿದರು. ನಾನು ಎದ್ದು ಓಡಿದೆ.

ಗುಡ್ಡದ ಬುಡದ ಬಾವಿಕಟ್ಟೆಯ ಮೇಲೆ ಪಾತಾಳಗರಡಿ ಬಿದ್ದಿತ್ತು, ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು, ಹಗ್ಗದ ಸಮೇತ. ಬರಿಗೈಯಲ್ಲಿ ಹೋಗುವುದಕ್ಕಿಂತ ಮೇಲು ಎಂದು ಹೆಗಲಿಗೆ ಹಾಕಿಕೊಂಡೆ. ಮೇಲೆ ಹತ್ತುತ್ತ ಪ್ರತಿ ಹೆಜ್ಜೆಗೂ "ಗುಡ್ಡ ಕೊಡಂಗಿಲ್ಲ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಶಬ್ದ ಹೊರಡುತ್ತಿರಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಮಾತು ಯಾವ ಕ್ಷಣಕ್ಕೆ ತಿರುಗಿ ಬರುತ್ತದೋ ಯಾರಿಗೆ ಗೊತ್ತು, ಬಂದ ಕ್ಷಣಕ್ಕೆ ಬಾಯಲ್ಲಿ ಆ ಮಾತೇ ಇರಬೇಕು ಎಂಬ ಹಠ ನನ್ನದು.

ಕರಡಿ ಗವಿಯ ಮುಂದೆ ಕಣದಷ್ಟು ಅಗಲದ ಒಂದು ಹಾಸುಬಂಡೆಯಿದೆ. ಅದರ ಒಂದು ಬದಿಗೆ ಗವಿ. ಇನ್ನೊಂದು ಬದಿಗೆ ಎರಡಾಳು ಎತ್ತರದ ಕಡಿದಾದ ಅಂಚು, ಅಂಚಿನ ಕೆಳಗೆ ಇಳಿಜಾರು. ನಾನು ಇಳಿಜಾರಿನ ಕಡೆಯಿಂದ, ಗಾಳಿಗೆ ಎದುರಾಗಿ ಹತ್ತಿ, ಅಂಚಿನಷ್ಟೇ ಎತ್ತರದ ಒಂದು ಗುಂಡುಕಲ್ಲಿನ ಮೇಲೇರಿ ತಲೆ ಎತ್ತಿ ನೋಡಿದೆ. ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಗವಿಯ ಬಾಯಿಗೆ ಬುಟ್ಟಿಗಾತ್ರದ ಎರಡು ಬೆಲ್ಲದ ಪೆಂಟೆ. ಅದರ ಮುಂದೆ ತಾಯಿ ಕರಡಿ ಎದ್ದು ನಿಂತಿತ್ತು, ಬೆನ್ನ ಕೂದಲನ್ನು ಹಿಡಿದುಕೊಂಡು ಎರಡು ಮರಿ. ಈಚೆ ಅಂಚಿನ ಹತ್ತಿರ ಕರುಳು ಬಗೆದ ಒಂದು ಹೋತ, ಎಳೆದು ತಂದ ನೀಲಿ ಹಗ್ಗ ಇನ್ನೂ ಅದರ ಹಿಂಗಾಲಿನಲ್ಲಿತ್ತು. ಅದರ ಸುತ್ತ ನಾಲ್ಕು ತೋಳ. ಎಲ್ಲಕ್ಕೂ ಮುಂದೆ ಸೀಳುಕಿವಿ, ಆ ಗುಂಪಿನ ಯಜಮಾನಿ. ನಾನು ಬಂದ ವರ್ಷ ಅವಳು ಮರಿ, ಈಗ ಅವಳ ಮರಿಗಳಿಗೇ ಮರಿಗಳಾಗಿವೆ. ಎರಡು ಪಕ್ಷಕ್ಕೂ ನಡುವೆ ಹದಿನೈದು ಹೆಜ್ಜೆ.

ಕರಡಿ ನುಗ್ಗಿ ಬಂತು. ತೋಳಗಳು ಚದುರಿದವು. ಹಿಂದಿನಿಂದ ಒಂದು ಬಂದು ಕರಡಿಯ ತೊಡೆ ಕಚ್ಚಿತು, ಅದು ತಿರುಗಿ ಬೀಸಿದ ಪಂಜಕ್ಕೆ ಬಂಡೆಯ ಮೇಲೆ ಕಿಡಿ ಹಾರಿತು. ಮರಿಗಳು ಕಿರುಚಿದವು. ಕರಡಿ ಮತ್ತೆ ಹಿಂದೆ ಸರಿದು ಬೆಲ್ಲಕ್ಕೆ ಅಡ್ಡ ನಿಂತಿತು, ತೋಳಗಳು ಮತ್ತೆ ಹೋತಕ್ಕೆ ಅಡ್ಡ ನಿಂತವು. ಆಗ ನನಗೆ ತಿಳಿಯಿತು. ತೋಳಕ್ಕೆ ಬೆಲ್ಲ ಬೇಡ. ಕರಡಿಗೆ ಹೋತ ಬೇಡ. ಇವಳು ತನ್ನದಕ್ಕೆ ಬಂದಿದ್ದಾಳೆ ಎಂದು ಅವಳು, ಅವಳು ತನ್ನದಕ್ಕೆ ಬಂದಿದ್ದಾಳೆ ಎಂದು ಇವಳು! ಹೊಟ್ಟೆಪಾಡಿನ ಎದುರು ಕೂತವರು ಏನೋ ಮರೆತವರ ಹಾಗೆ ನಡೆದು ಹೋಗುವುದಿಲ್ಲ. ಬಿಟ್ಟರೆ ಸಂಜೆಯವರೆಗೂ ಹೀಗೇ ನಿಲ್ಲುತ್ತಿದ್ದವು.

ಹೋತ ಇಲ್ಲಿಂದ ಹೋದರೆ ತೋಳವೂ ಹೋಗುತ್ತದೆ. ಅಷ್ಟೇ ಲೆಕ್ಕ. ಅದನ್ನು ಒಯ್ಯುವವರು ಯಾರು? ನಾಲ್ಕು ತೋಳದ ಬಾಯಿಂದ ಊಟ ಕಸಿಯುವ ಗಂಡೆದೆ ಯಾರಿಗಿದೆ? ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಗಿರಣಿಯವನ ನೆನಪಾಯಿತು. ಆ ಹೊತ್ತಿಗೆ ಸಾಹೇಬರು ಎರಡನೆಯ ಪ್ರತಿಗೆ ಕೈ ಹಾಕಿರಬಹುದು ಎಂದೂ ನೆನಪಾಯಿತು.

ಪಾತಾಳಗರಡಿ ಬೀಸಿದೆ. ಮೊದಲ ಸಲ ಬಂಡೆಗೆ ತಗುಲಿ ಠಣ್ ಎಂದಿತು. ನಾಲ್ಕು ತೋಳ, ತಾಯಿ ಕರಡಿ, ಐದೂ ಮುಖಗಳು ನನ್ನ ಕಡೆ ತಿರುಗಿದವು. ಎರಡನೆಯ ಸಲ ನೀಲಿ ಹಗ್ಗಕ್ಕೆ ಕೊಕ್ಕೆ ಕಚ್ಚಿತು. ತುಂಬಿದ ಕೊಡ ಬಾವಿಯಿಂದ ಸೇದುವಾಗ ಹಾಕುತ್ತೇವಲ್ಲ, ಆ ಜೋರು ಹಾಕಿ ಎಳೆದೆ. ಹೋತ ಅಲುಗಿತು, ಜಾರಿತು, ಅಂಚು ದಾಟಿ ಧೊಪ್ಪನೆ ಗುಂಡುಕಲ್ಲಿನ ಬುಡಕ್ಕೆ ಬಿತ್ತು, ನಾನೂ ಹಗ್ಗ ಬಿಡದೆ ಕೆಳಗೆ ಜಾರಿ ಇಳಿದೆ. ಅದರ ಹಿಂದೆಯೇ ಮೂರು ತೋಳಗಳು ಅಂಚಿನಿಂದ ಹಾರಿ ಇಳಿದವು.

ಬೆನ್ನು ತಿರುಗಿಸಲಿಲ್ಲ. ಅವುಗಳ ಮುಖ ನೋಡುತ್ತಲೇ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋತವನ್ನು ಇಳಿಜಾರಿನಲ್ಲಿ ಎಳೆದೆ. ಮುಳ್ಳುಕಂಟಿ ಸೀರೆಯನ್ನು ಹರಿಯಿತು, ಹಗ್ಗ ಅಂಗೈ ಸುಲಿಯಿತು. ತೋಳಗಳು ಹತ್ತು ಹೆಜ್ಜೆ ಬಿಟ್ಟು ನನ್ನ ಜೊತೆಗೇ ಬಂದವು, ಹಲ್ಲು ಕಿಸಿದು, ತಲೆ ತಗ್ಗಿಸಿ. ನಾನು ಬಾಯಿ ಅಗಲಿಸಿ ಕೂಗುತ್ತಲೇ ಇದ್ದೆ. ಶಬ್ದವಿಲ್ಲ, ಇನ್ನೂ ಇಲ್ಲ. ಯಾಕೆಂದರೆ ಸೀಳುಕಿವಿ ಮೇಲೆಯೇ ನಿಂತಿದ್ದಳು, ಅಂಚಿನಲ್ಲಿ ಅವಳ ಬೆನ್ನು ನನಗೆ ಕಾಣುತ್ತಿತ್ತು. ಒಬ್ಬಳೇ ನಿಂತು ಕರಡಿಯ ಮೇಲಿಟ್ಟ ಕಣ್ಣು ಕೀಳಲಿಲ್ಲ.

ಬಾರವ್ವ ತಾಯಿ, ಬಾ. ನಿನ್ನ ಮಕ್ಕಳು ಇತ್ತ ಬಂದಾವ. ನಿನ್ನ ಊಟ ಇತ್ತ ಐತಿ. ಆ ಬೆಲ್ಲ ತಗೊಂಡು ನೀ ಏನು ಹೋಳಿಗಿ ಮಾಡಾಕಿ? ಮನಸ್ಸಿನಲ್ಲೇ ಕೈಮುಗಿದು ಬೇಡಿಕೊಂಡೆ. ಕರಡಿ ಒಮ್ಮೆ ಬುಸ್ ಎಂದಿತು. ಆಮೇಲೆ ಎರಡು ಕಾಲಿಂದ ನಾಲ್ಕು ಕಾಲಿಗೆ ಇಳಿದ ಧಪ್ ಶಬ್ದ ಕೇಳಿಸಿತು. ಸೀಳುಕಿವಿ ಕಿವಿ ನಿಮಿರಿಸಿದಳು. ಕೊರಳು ತಿರುಗಿಸಿ ಇಳಿಜಾರಿನಲ್ಲಿ ತನ್ನವರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಏನೋ ಮರೆತು ಬಂದವಳ ಹಾಗೆ ಅಂಚಿನಿಂದ ಇಳಿದು ನಡೆದು ಬಂದಳು.

"...ಡ್ಡ ಕೊಡಂಗಿಲ್ಲ!"

ಯಾರೋ ಕೂಗಿದರೆಂದು ಬೆಚ್ಚಿಬಿದ್ದೆ. ನನ್ನದೇ ಧ್ವನಿ! ಬಂಡೆಗೆ ಬಂಡೆ ತಾಗಿ ಅದು ಮೂರು ಸಲ ಮರುದನಿ ಕೊಟ್ಟಿತು. ಹಗ್ಗ ಬಿಟ್ಟೆ. ತೋಳಗಳು ಹೋತದ ಮೇಲೆ ಬಿದ್ದವು, ನನ್ನ ಪರಿವೆ ಅವಕ್ಕೆ ಉಳಿಯಲಿಲ್ಲ. ನಾನು ಪಕ್ಕದ ಇನ್ನೊಂದು ಗುಂಡುಕಲ್ಲಿನ ಮೇಲೆ ಹತ್ತಿ ನಿಂತು ಊರಿನ ಕಡೆ ಮುಖ ಮಾಡಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ.

"ಗುಡ್ಡ ಕೊಡಂಗಿಲ್ಲ! ಕೊಡಂಗಿಲ್ಲಂದ್ರ ಕೊಡಂಗಿಲ್ಲ!"

ಕೆಳಗೆ ಶಾಲೆಯ ಬಯಲು ಅಂಗೈಯಷ್ಟಾಗಿ ಕಾಣುತ್ತಿತ್ತು. ಒಂದು ಉಸಿರಿನ ಹೊತ್ತು ಏನೂ ಇಲ್ಲ. ಆಮೇಲೆ ಬಂತು ನೋಡಿ. ನಾಲ್ಕು ನೂರು ಗಂಟಲು ಒಟ್ಟಿಗೆ ತೆರೆದ ಸದ್ದು ಗುಡ್ಡವನ್ನು ಹತ್ತಿ ನನ್ನ ಕಾಲ ಕೆಳಗಿನ ಬಂಡೆಯವರೆಗೆ ಬಂತು. ಅದರಲ್ಲಿ ಮಾಬವ್ವನ ಧ್ವನಿ ಇಷ್ಟು ದೂರಕ್ಕೂ ಬೇರೆಯಾಗಿ ಕೇಳಿಸುತ್ತಿತ್ತು. ನಾನು ಅಲ್ಲೇ ಕೂತು ಅತ್ತೆ, ನಕ್ಕೆ, ಮತ್ತೆ ಅತ್ತೆ. ಹರಿದ ಸೀರೆಯ ಅಂಚನ್ನು ಅಂಗೈಗೆ ಸುತ್ತಿಕೊಂಡು ಇಳಿಯತೊಡಗಿದೆ.

ಕೆಳಗೆ ನಡೆದದ್ದನ್ನು ನನಗೆ ಆಮೇಲೆ ನಾಲ್ಕು ನೂರು ಜನ ನಾಲ್ಕು ನೂರು ಥರ ಹೇಳಿದ್ದಾರೆ. ಮಾಬವ್ವನ ಪ್ರಕಾರ ಸಾಹೇಬರು ಮೂರೂ ಪ್ರತಿ ಬರೆದು, ಓದಿ ಮುಗಿಸಿ, ಸಹಿಗೆ ಪೆನ್ನು ಊರಿದ್ದರು. ಆಗ ಗುಡ್ಡದ ಮೇಲಿನಿಂದ ಆ ಕೂಗು ಬಿತ್ತು. ಪೆನ್ನು ನಿಂತಿತು. "ಯಾರದು?" ಎಂದು ಅವರು ತಲೆ ಎತ್ತುವಷ್ಟರಲ್ಲಿ ಬಯಲೆಲ್ಲ ಎದ್ದು ನಿಂತು "ಕೊಡಂಗಿಲ್ಲ" ಎಂದಿತ್ತು.

ವಿರುಪಣ್ಣ "ಈಗ ಹೇಳಿದ್ರ ನಡಿಯಂಗಿಲ್ರಿ, ಕೈ ಎತ್ತಿ ಆಗೇತಿ" ಎಂದು ಅಡ್ಡ ಬಂದ. ಮಾಬವ್ವ ಬಿಡುವವಳೇ? ಬಾಯಿಕಟ್ಟು ಎಂದರೇನು, ಕೈ ಎತ್ತುವುದು ಯಾಕೆ ಎಂದು ಒಂದೇ ಉಸಿರಿನಲ್ಲಿ ಸಾಹೇಬರಿಗೆ ಹೇಳಿದಳು.

"ಹೌದ್ರಿ ಸಾಹೇಬ್ರ, ಇದು ಕಟ್ಟುಕತಿ ಅಂತ ನಿಮಗ ಅನಸ್ತೈತಿ. ನಾ ಮೂವತ್ತು ವರ್ಷ ಬಳಿ ಇಡಸೀನಿ, ನಾ ಬಾಯಿ ಮುಚ್ಚಿದ್ದು ಯಾರರೆ ನೋಡ್ಯಾರೇನು ಕೇಳ್ರಿ. ಇವತ್ತ ಒಂದು ತಾಸು ಮುಚ್ಚೀನಿ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇನ್ರಿ?"

ಸಾಹೇಬರಿಗೂ ನಗು ತಡೆಯಲಿಲ್ಲವಂತೆ. ಅಷ್ಟರಲ್ಲಿ ಮಾವ ಕೋಲೂರಿಕೊಂಡು ಜೀಪಿನ ಹತ್ತಿರ ಹೋಗಿ, "ಇತ್ತ ಬರ್ರಿ ಸಾಹೇಬ್ರ, ಈ ಇರುವಿ ಸಾಲು ಎಲ್ಲಿಗೆ ಹೊಂಟೈತಿ ನೋಡ್ರಿ" ಎಂದರು. ಇರುವೆಗಳು ಜೀಪಿನ ಹಿಂಬಾಗಿಲಿಗೆ ಹತ್ತಿದ್ದವು. ಒಳಗೆ ಬೆಲ್ಲದ ಪುಡಿ, ಹೋತದ ಕೂದಲು, ಒಣಗಿದ ರಕ್ತ, ಒಂದು ತುಂಡು ನೀಲಿ ಹಗ್ಗ. ವಿರುಪಣ್ಣನ ಮುಖದಲ್ಲಿ ಆ ತಿಂಗಳಲ್ಲಿ ಮೊದಲ ಬಾರಿಗೆ ನಗು ಇರಲಿಲ್ಲ.

ಸಾಹೇಬರು ಬರೆದಿದ್ದ ಮೂರೂ ಪ್ರತಿಯನ್ನು ನಡುವೆ ಹರಿದು ಹೊಸ ಹಾಳೆ ತೆಗೆದರು. "ಒಬ್ಬೊಬ್ಬರೇ ಬನ್ನಿ. ಹೆಸರು ಹೇಳಿ, ಆಕ್ಷೇಪ ಹೇಳಿ. ಎಷ್ಟು ಹೊತ್ತಾದ್ರೂ ಆಗ್ಲಿ" ಎಂದರು.

ನಾನು ಬಯಲಿಗೆ ಬಂದು ಸೇರಿದಾಗ ಸಾಲು ಶಾಲೆಯ ಗೇಟು ದಾಟಿ ಬೀದಿಗೆ ಹೋಗಿತ್ತು. ಒಬ್ಬೊಬ್ಬರೂ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಹೆಸರು ಹೇಳಿ, ಬೇಡ ಎನ್ನುತ್ತಿದ್ದರು. ಮೊದಲು ವಿರುಪಣ್ಣನ ಕಡೆಗಿದ್ದ ಆ ಮೂರು ಮನೆಯವರೂ ಸಾಲಿನಲ್ಲಿದ್ದರು. ಮೋಸ ಮಾಡಿ ಬಾಯಿ ಕಟ್ಟಿದವನಿಗೆ ನಾವೂ ಕೊಡಂಗಿಲ್ಲ ಎಂದರಂತೆ. ನನ್ನ ಗಂಡ ಸಾಲು ಬಿಟ್ಟು ಓಡಿ ಬಂದ. ನನ್ನ ಅಂಗೈ ನೋಡಿ, ನಾಲ್ಕು ಜನರ ಎದುರಿಗೇ ಗಳಗಳ ಅತ್ತ. "ಹೋಗು, ಸಾಲಿನ್ಯಾಗ ನಿಂದ್ರು, ಪಾಳಿ ತಪ್ಪೀತು" ಎಂದು ಗದರಿದೆ. ಅವನು ಹೋಗಿ ನಿಂತ.

ಹೊತ್ತು ಇಳಿಯುವ ವೇಳೆಗೆ ಹಾಳೆ ಸಾಲದೆ ಟೀಚರ ಹಾಜರಿ ಪುಸ್ತಕದ ಕಡೆಯ ಪುಟಗಳೂ ಮುಗಿದವು. ಎಲ್ಲರಿಗೂ ಕಡೆಗೆ ಮಾವ ಮೇಜಿನ ಮುಂದೆ ನಿಂತು ತಮ್ಮ ಹೆಸರು ಬರೆಸಿದರು.

"ಮುಗೀತಾ?" ಎಂದು ಸಾಹೇಬರು ಬೆರಳು ನೀವಿಕೊಂಡರು.

"ಒಂದು ಉಳದೈತ್ರಿ" ಎಂದರು ಮಾವ.

ನಾನು ಮುಂದೆ ಹೋದೆ. ನನ್ನ ಸೀರೆ ಚಿಂದಿಯಾಗಿತ್ತು, ಮೈಯೆಲ್ಲ ಹೋತದ ವಾಸನೆ. ಸಾಹೇಬರು ಹಾಳೆಯ ಕೆಳತುದಿಯಲ್ಲಿ ಉಳಿದಿದ್ದ ಒಂದು ಗೆರೆ ಜಾಗಕ್ಕೆ ಪೆನ್ನು ತಂದು, "ನಿಮ್ಮ ಆಕ್ಷೇಪ ಏನಮ್ಮ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮಾವ ತಮ್ಮ ಕೋಲನ್ನು ಮೇಜಿನ ಮೇಲೆ ಅಡ್ಡ ಇಟ್ಟರು.

"ಅಕಿನ್ನ ಮತ್ತ ಕೇಳಬ್ಯಾಡ್ರಿ ಸಾಹೇಬ್ರ. ಅಕಿ ಆಗಲೇ ಹೇಳ್ಯಾಳ. ನೀವೂ ಕೇಳೀರಿ, ಊರೂ ಕೇಳೈತಿ. ಕೆಳಗ ಯಾಕ ಬರೀತೀರಿ? ಮೊದಲನೇ ಹಾಳಿ ತಗೀರಿ, ಎಲ್ಲಾರಕಿಂತ ಮ್ಯಾಲೆ ಬರೀರಿ. ನಮ್ಮ ಗುಡ್ಡದಾಕಿ, ಗಾಳೆವ್ವ."

ಸಾಹೇಬರು ಹಾಳೆಗಳನ್ನೆಲ್ಲ ತಿರುವಿ ಮೊದಲನೆಯದನ್ನು ಹೊರತೆಗೆದರು. ಮೇಲೆ ಜಾಗವಿರಲಿಲ್ಲ. ಸರಕಾರದ ಮೊಹರಿನ ಪಕ್ಕದಲ್ಲಿ, ಮಾಬವ್ವನ ಹೆಸರಿಗೂ ಮೇಲೆ, ಅಕ್ಷರ ಚಿಕ್ಕದು ಮಾಡಿ ನನ್ನ ಹೆಸರು ಬರೆದರು. ಬರೆದು, ಎದ್ದು ನಿಂತು, ಊರಿಗೆಲ್ಲ ಕೇಳುವಂತೆ ಅದನ್ನು ಓದಿದರು.